ಅನ್ನವ್ವನ ಬಾಟ್ಲಿಯ ಕಹಿ

೩೦ ಜುಲೈ ೧೯೭೮, ಅಣ್ಣಿಗೇರಿ

ಔಷಧ ಕಂಪನಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಗಲ್ಲಾದ ಕೆಳಗೆ ಧೂಳು ತಿನ್ನುತ್ತಿತ್ತು. ಇವತ್ತು ತೆಗೆದೆ. ಮನೆಯಲ್ಲಿ ನಾವಾಡುವುದು ಉರ್ದು, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಮೈಮುನಬಿಗೆ ಕನ್ನಡ ಓದಲು ಬರುವುದಿಲ್ಲ. ಹೆಂಡತಿಯ ಬಗ್ಗೆ ಧೈರ್ಯವಾಗಿ ಬರೆಯಬಹುದಾದ ಜಾಗ ಇದೊಂದೇ.

ಬರೆಯಬೇಕೆನಿಸಿದ್ದು ಅವ್ವನ ಸಲುವಾಗಿ. ಹುಬ್ಬಳ್ಳಿ ಆಸ್ಪತ್ರೆಯವರು ಆಕೆಯನ್ನು ಮನೆಗೆ ಕಳಿಸಿಬಿಟ್ಟಿದ್ದಾರೆ. ಎದೆಯ ಗಂಟು ಈಗ ಎಲುಬಿಗೆ ಇಳಿದಿದೆಯಂತೆ, ಕೊಯ್ಯುವಂಥದ್ದೇನೂ ಉಳಿದಿಲ್ಲವಂತೆ. ಅವ್ವ ಅಂದರೆ ಅನ್ನವ್ವ, ನನ್ನ ಗೆಳೆಯ ಮಡಿವಾಳೆಪ್ಪನ ತಾಯಿ. ನನ್ನನ್ನು ಹೆತ್ತವಳು ನನಗೆ ತಿಳಿವಳಿಕೆ ಬರುವ ಮೊದಲೇ ಮಣ್ಣಾದಳು. ಆಮೇಲೆ ನನಗೆ ರೊಟ್ಟಿ ಬಡಿದು ಹಾಕಿದ್ದು ಈಕೆ. ಅವರ ಮನೆಯ ಕಟ್ಟೆಯ ಮೇಲೆ ಮಡಿವಾಳನಿಗೊಂದು ತಾಟು, ನನಗೊಂದು ತಾಟು. ಓಣಿಯ ಹೆಂಗಸರು ಏನೇನೋ ಅಂದರು, ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರ್ ಮಂಜಪ್ಪನವರು ಚೀಟಿ ಬರೆದುಕೊಟ್ಟರು. ಅಫೀಮಿನ ಟಿಂಚರ್ ಹಾಕಿದ ಮಿಕ್ಸ್ಚರ್. ಅದನ್ನು ಇಡುವ ಲೈಸೆನ್ಸ್ ಈ ಬಜಾರದಲ್ಲಿ ಇರುವುದು ನನ್ನ ಅಂಗಡಿಗೆ ಮಾತ್ರ. ಬೀಗದ ಕಪಾಟಿನಿಂದ ತೆಗೆದು ಕೈಯಾರೆ ಬೆರೆಸಿದೆ, ಬಾಟ್ಲಿಯ ಮೈಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದೆ. ಒಂದು ಹಲ್ಲು ಅಂದರೆ ಒಂದು ಗೆರೆ, ಒಂದು ಸಲದ ಅಳತೆ. ಮುಂಜಾನೆ ಒಂದು ಗೆರೆ, ಸಂಜೆ ಒಂದು ಗೆರೆ. ನಾನೇ ಒಯ್ದು ಕೊಟ್ಟೆ.

ಅವ್ವ ಬಾಟ್ಲಿ ನೋಡಿ ಹೆದರಿದಳು. "ಅಫೀಮು ಅಂದ್ರ ಚಟ ಹತ್ತೂದಿಲ್ಲೇನೋ ಬಾಷಾ? ಈ ವಯಸ್ಸಿನ್ಯಾಗ ಮಂದಿ ಕಡಿಂದ ನಗಿಸ್ಕೊಳ್ಲೇನು?"

"ನೋವಿಗೆ ಅಳತೀಲೆ ಕುಡಿದ್ರ ಔಷಧ ಬೇ ಅವ್ವಾ. ನೋವು ತಡಕೊಂಡು ಕುಂತ್ರ ನಿನಗ್ಯಾರೂ ಬಹುಮಾನ ಕೊಡೂದಿಲ್ಲ. ಹೊಟ್ಟಿ ಕಟ್ಟತೈತಿ, ಅದಕ್ಕ ಹರಳೆಣ್ಣಿ ಕೊಟ್ಟೀನಿ, ಮರೀಬ್ಯಾಡ."

ಮಡಿವಾಳ ಕುಂಟುತ್ತ ಬಂದು ಬಾಟ್ಲಿಯನ್ನು ಗೋಡೆಯ ದೇವರ ಮಾಡದಲ್ಲಿಟ್ಟ. ಅವನು ಹತ್ತಿ ಬೀಜ ಬಿಡಿಸುವ ಜಿನ್ನಿನಲ್ಲಿ ಮೇಸ್ತ್ರಿ. ಎರಡು ವರ್ಷದ ಕೆಳಗೆ ಹತ್ತಿ ತುಂಬಿದ ಅಂಡಿಗೆ ಚೀಲ ಬೆನ್ನ ಮೇಲೆ ಬಿದ್ದು, ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಹಳ ದಿನ ಮಲಗಿದ್ದ. ಈಗ ಎದ್ದು ಓಡಾಡುತ್ತಾನೆ, ಸಾಕು. ವಾರಕ್ಕೊಮ್ಮೆ ಅವನೇ ಖಾಲಿ ಬಾಟ್ಲಿ ತರಬೇಕು, ನಾನು ತುಂಬಿ ಕೊಡಬೇಕು ಎಂದು ಮಾತಾಯಿತು.

ಮಧ್ಯಾಹ್ನ ಶಲವಡಿಯ ಗಾಡಿ ಹೊಡೆಯುವ ಹೊಳೆಯಪ್ಪ ಮತ್ತೆ ಬಂದಿದ್ದ. ಚೀಟಿ ಇಲ್ಲ, ಏನಿಲ್ಲ, ಆ ನಿದ್ದೆ ಬರುವ ಕೆಮ್ಮಿನ ಔಷಧವೇ ಬೇಕಂತೆ. "ಇದೇನು ಸೇಂದಿ ಅಂಗಡಿ ಅಂತ ತಿಳದೀಯೇನು? ನಡೀ," ಎಂದು ನಾಲ್ಕು ಮಂದಿಯೆದುರು ಉಗಿದು ಕಳಿಸಿದೆ. ನನ್ನ ಅಂಗಡಿಯಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ.

೮ ಆಗಸ್ಟ್, ಪಂಚಮಿ

ರಂಜಾನಿನ ರೋಜಾ ಶುರುವಾಗಿದೆ, ಹಗಲು ಹನಿ ನೀರೂ ಬಾಯಿಗಿಲ್ಲ. ಮಡಿವಾಳ ಬಾಟ್ಲಿ ತುಂಬಿಸಲು ಬಂದವನು ಜೊತೆಗೆ ಅವ್ವ ಕಳಿಸಿದ ಪಂಚಮಿಯ ಉಂಡಿಗಳ ಗಂಟು ತಂದ. ಶೇಂಗಾ, ಎಳ್ಳು, ಗುಳ್ಳಡಕಿ. ಮಲಗಿದಲ್ಲಿಂದಲೇ ಸೊಸೆ ಸುಶೀಲವ್ವನಿಗೆ ಪಾಕದ ಹದ ಹೇಳಿ ಕಟ್ಟಿಸಿದಳಂತೆ. ಅಂದರೆ ಔಷಧ ಹಿಡಿದಿದೆ!

ಮರಳಿ ಬಂದ ಬಾಟ್ಲಿಯ ತಳದ ಹನಿಯನ್ನು ನಾಲಿಗೆಗೆ ಹಚ್ಚಿ, ಕೆಟ್ಟಿಲ್ಲವೆಂದು ನೋಡಿಕೊಂಡೇ ನಾನು ಮತ್ತೆ ತುಂಬುವುದು. ನನಗೆ ಕೆಲಸ ಕಲಿಸಿದ ಮುದುಕ ಕಂಪೌಂಡರ್ ಹಚ್ಚಿದ ರೂಢಿ. ರೋಜಾ ಇರುವಾಗ ಆಗುವುದಿಲ್ಲ. ಬಾಟ್ಲಿ ಕುದಿಯುವ ನೀರಲ್ಲಿ ತೊಳೆದು ತುಂಬಿದೆ.

ಮಡಿವಾಳ ನೋಡಿ ನಕ್ಕ. "ನಿನ್ನ ನಾಲಿಗಿಗೂ ಒಂದು ತಿಂಗಳು ಸೂಟಿ ಸಿಕ್ತಲ್ಲೋ."

"ಬೈಯೂದಕ್ಕ ಸೂಟಿ ಇಲ್ಲಲೇ, ಹುಷಾರ್," ಅಂದೆ.

ಸಂಜೆ ರೋಜಾ ಬಿಟ್ಟದ್ದು ಖರ್ಜೂರದಿಂದಲ್ಲ, ಅವ್ವನ ಎಳ್ಳುಂಡಿಯಿಂದ. ಮೈಮುನಬಿ ಹಣೆ ಚಚ್ಚಿಕೊಂಡಳು. ಎರಡು ಆಕೆಯೂ ತಿಂದಳು.

೨೨ ಆಗಸ್ಟ್

ಅವ್ವನಿಗೆ ನೋವು ಏರಿದೆಯಂತೆ. ಬಾಟ್ಲಿ ವಾರಕ್ಕೆ ಮೊದಲೇ ಖಾಲಿ. "ಸುಶೀಲಿ ಕೈಜಾರಿ ಚೆಲ್ಲಿದ್ಲು," ಅಂದ ಮಡಿವಾಳ. ಡಾಕ್ಟರಿಗೆ ನಾನೇ ಹೇಳಿ ಮುಂಜಾನೆಗೆ ಒಂದು, ಸಂಜೆಗೆ ಒಂದು ಗೆರೆ ಹೆಚ್ಚು ಮಾಡಿಸಿದೆ. ಡಾಕ್ಟರು ಕನ್ನಡಕ ಕೆಳಗಿಳಿಸಿ, "ಮನ್ಯಾಗ ಔಷಧ ಯಾರ ಕೈಯಾಗ ಇರತೈತಿ?" ಎಂದು ಕೇಳಿದರು. "ನನ್ನ ಕೈಯಾಗ ಇದ್ದಂಗ ರೀ," ಅಂದೆ. ಅವರು ಮತ್ತೇನೂ ಕೇಳದೆ ಸಹಿ ಮಾಡಿದರು.

ನಾನು ಹೋಗಿ ನೋಡಬೇಕಿತ್ತು. ಮಳೆ ಹಿಡಿದು ಎರಿ ಮಣ್ಣು ಚಪ್ಪಲಿಯನ್ನು ಕಾಲಿನ ಸಮೇತ ನುಂಗುತ್ತಿದೆ, ಅಂಗಡಿಗೆ ಜ್ವರದವರ ಸಾಲು. ಮಡಿವಾಳ ಇದ್ದಾನಲ್ಲ. ಈಚೆಗೆ ಅವನು ಗೆಲುವಾಗಿದ್ದಾನೆ, ಕುಂಟು ಸಹ ಕಡಿಮೆಯಾದ ಹಾಗಿದೆ.

೫ ಸೆಪ್ಟೆಂಬರ್, ಈದ್

ಇವತ್ತು ಹಬ್ಬವೆಂದು ಬರೆಯಲು ಕೈ ಬರುವುದಿಲ್ಲ.

ನಮಾಜು ಮುಗಿಸಿ, ಡಬ್ಬಿಯಲ್ಲಿ ಸುರಕುಂಬಾ ಪಾಯಸ ಹಾಕಿಸಿಕೊಂಡು ಅವ್ವನ ಮನೆಗೆ ಹೋದೆ. ಮಡಿವಾಳ ಜಿನ್ನಿಗೆ ಹೋಗಿದ್ದ. ಸುಶೀಲವ್ವ ಹಿತ್ತಲಲ್ಲಿದ್ದಳು. ಒಳಗೆ ಮಂಚದ ಮೇಲೆ ಇದ್ದದ್ದು ನಾನು ಬಿಟ್ಟುಹೋದ ಅವ್ವನಲ್ಲ. ಮೊಣಕಾಲು ಎದೆಗೆ ಒತ್ತಿಕೊಂಡು, ಸೆರಗಿನ ಚುಂಗು ಹಲ್ಲಲ್ಲಿ ಕಚ್ಚಿದ್ದಳು. ನನ್ನನ್ನು ಕಂಡವಳೇ ಸೆರಗು ಬಿಟ್ಟು ನಕ್ಕಳು.

"ನೋವು ಹೆಂಗೈತಿ ಬೇ?"

"ಛಲೋ ಐತಿ. ಅಗದಿ ಛಲೋ." ಆಮೇಲೆ ನನ್ನ ಕೈ ಹಿಡಿದು ಅಂದಳು: "ಮೊದಲಿನ ಔಷಧ ಬೇವಿನಕಿಂತ ಕಹಿ ಇತ್ತು. ಮುದುಕಿ ಕುಡಿಯೂದಿಲ್ಲ ಅಂತ ಅದನ್ನೂ ಸಿಹಿ ಮಾಡಿ ಕಳಿಸಿದೆಲ್ಲೋ ನನ್ನಪ್ಪಾ. ಪಾನಕ ಇದ್ದಂಗ ಐತಿ. ನಿನ್ನ ಕೈ ದೊಡ್ಡದು."

ನಾನು ಎದ್ದು ಮಾಡದಿಂದ ಬಾಟ್ಲಿ ತೆಗೆದೆ. ಬಣ್ಣ ಅದೇ ಕಂದು. ಬಿರಡೆ ತೆಗೆದು ಹನಿ ನಾಲಿಗೆಗೆ ಹಚ್ಚಿದೆ. ರೋಜಾ ಮುಗಿದಿತ್ತಲ್ಲ, ಈಗ ಯಾವ ಅಡ್ಡಿಯೂ ಇರಲಿಲ್ಲ. ಬೆಲ್ಲದ ನೀರು. ಹಿಂದೆ ಎಲ್ಲೋ ಒಂಚೂರು ಔಷಧದ ನೆರಳು.

"ನೋವು ಖರೇನ ಇಲ್ಲೇನು ಅವ್ವಾ? ನನ್ನ ಆಣಿ ಐತಿ."

ಆಕೆಯ ಕಣ್ಣು ತುಂಬಿತು. "ಐತಿ. ಭಾಳ ಐತಿ. ಆದ್ರ ಹೆಂಗ ಅನ್ನಲಿ? ನಮ್ಮ ಬಾಷಾನ ಔಷಧ ಹತ್ತೂದಿಲ್ಲ ಅಂತ ನಾನ ಅಂದ್ರ, ನಿನ್ನ ಅಂಗಡಿಗೆ ಯಾರು ಬರ್ತಾರ? ಮಗನ ಕೈಗುಣಕ್ಕ ತಾಯಿ ಹೆಸರಿಡಬಾರದು."

ಸುರಕುಂಬಾದ ಡಬ್ಬಿ ಅಲ್ಲೇ ಬಿಟ್ಟು ಅಂಗಡಿಗೆ ಓಡಿದೆ. ಹಬ್ಬದ ದಿನ ಬಾಗಿಲು ತೆಗೆದು ಹೊಸ ಬಾಟ್ಲಿ ಬೆರೆಸಿ ತಂದೆ. ಇಷ್ಟು ದಿನ ಬೆಲ್ಲದ ನೀರು ಕುಡಿದ ಮೈಗೆ ಒಮ್ಮೆಲೇ ಪೂರಾ ಗೆರೆ ಕೊಡಬಾರದು, ಉಸಿರು ಕುಂದುತ್ತದೆ. ಡಾಕ್ಟರರನ್ನು ಕೇಳಿ ಅರ್ಧ ಗೆರೆ ಕುಡಿಸಿ, ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಆಕೆಯ ಮುಷ್ಟಿ ತಾನೇ ಬಿಚ್ಚಿಕೊಂಡಿತು.

ಹೊಸ ಬಾಟ್ಲಿಯನ್ನು ಅಲ್ಲಿ ಬಿಡದೆ ಮನೆಗೆ ವಾಪಸ್ ತಂದಿದ್ದೇನೆ.

೬ ಸೆಪ್ಟೆಂಬರ್

ಜಿನ್ನಿನ ಹಿಂದುಗಡೆ, ಖಾಲಿ ಅಂಡಿಗೆಗಳ ರಾಶಿಯ ಬಳಿ ಅವನನ್ನು ಹಿಡಿದೆ. ಸುಳ್ಳು ಹೇಳುತ್ತಾನೆಂದುಕೊಂಡಿದ್ದೆ. ಹೇಳಿದ್ದರೆ ಚೆನ್ನಾಗಿತ್ತು, ಹೊಡೆಯಬಹುದಿತ್ತು. ಅವನು ನೆಲ ನೋಡುತ್ತ ನಿಂತ.

"ಬೆನ್ನು, ಬಾಷಾ. ಅವ್ವಗ ಕೊಡುವಾಗ ಒಂದಿನ ಒಂದು ಗೆರಿ ಕುಡಿದೆ. ಆಸ್ಪತ್ರಿಯೊಳಗಿನ ಸೂಜಿ ಹಂಗ ಮೈಯೆಲ್ಲ ಹಗುರಾತು. ಆಮ್ಯಾಲ ಬಿಡಾಕ ಆಗಲಿಲ್ಲ."

"ಬೆಲ್ಲದ ನೀರು ಎಂದಿನಿಂದ?"

ಅವನು ಅಂಡಿಗೆಯ ಹುರಿ ಎಳೆಯತೊಡಗಿದ.

"ರೋಜಾ ಹಿಡದ ದಿನದಿಂದ ಹೌದಲ್ಲೋ? ಬಾಷಾನ ನಾಲಿಗಿಗೆ ಸೂಟಿ ಅಂತ ನಕ್ಕಿದ್ದು ಅದಕ್ಕ ಹೌದಲ್ಲೋ?"

ಗೋಣು ಹಾಕಿದ.

ಔಷಧ ಕದ್ದದ್ದು ಒಂದು. ತಾಯಿಯ ಬಾಯಿಂದ ಕದ್ದದ್ದು ಇನ್ನೊಂದು. ನಾನು ದೇವರ ಸಲುವಾಗಿ ಬಾಯಿ ಕಟ್ಟಿದ್ದನ್ನೇ ಬಾಗಿಲು ಮಾಡಿಕೊಂಡು ಒಳಗೆ ನುಗ್ಗಿದನಲ್ಲ, ಅದನ್ನು ಎಲ್ಲಿ ಇಡಲಿ? ಪರದೇಶಿ ಹೊಳೆಯಪ್ಪನನ್ನು ನಾಲ್ಕು ಮಂದಿಯೆದುರು ಉಗಿದೆ. ಕಳ್ಳ ನನ್ನ ತಾಟಿನ ಬಾಜು ಕೂತು ಉಂಡವನಾಗಿದ್ದ.

"ಮಡಿವಾಳೆಪ್ಪನವರ, ಇನ್ನ ನನ್ನ ಅಂಗಡಿ ಕಟ್ಟಿ ಹತ್ತಬ್ಯಾಡ್ರಿ," ಅಂದೆ. ಹುಟ್ಟಿದಂದಿನಿಂದ ನಾವು ಲೇ, ಲೋ ಅಂದವರು. ಹೊಡೆದಿದ್ದರೂ ಅವನ ಮುಖ ಅಷ್ಟು ಬಿಳಚಿಕೊಳ್ಳುತ್ತಿರಲಿಲ್ಲ.

೭ ಸೆಪ್ಟೆಂಬರ್

ಗಣಪತಿ ಕೂತಿದ್ದಾನೆ. ಬಜಾರ ತುಂಬ ಬಾಜಾ. ಅವ್ವನಿಗೆ ಎರಡು ಹೊತ್ತು ಅರ್ಧ ಗೆರೆ ಕುಡಿಸಿ ಬಂದೆ. ಇಡೀ ದಿನ ಯಾರೊಂದಿಗೂ ಮಾತು ಬೇಡವಾಯಿತು.

೯ ಸೆಪ್ಟೆಂಬರ್

ಡಾಕ್ಟರ್ ಮಂಜಪ್ಪನವರಿಗೆ ಎಲ್ಲ ಹೇಳಿದೆ. ಮುಚ್ಚಿಡಬಹುದಿತ್ತು. ಆದರೆ ಹೆಚ್ಚಿನ ಗೆರೆಗೆ ಸಹಿ ಹಾಕಿಸಿಕೊಂಡವನು ನಾನು.

"ತೂತುಬಿದ್ದ ಕೊಡಕ್ಕ ಎಷ್ಟು ನೀರು ಹಾಕಿದ್ರೂ ಅಷ್ಟ, ಬಾಷಾಸಾಬ. ಆ ಮನಿಗೆ ಇದನ್ನ ಬಂದ್ ಮಾಡೂದು ಛಲೋ. ಬ್ಯಾರೆ ಗುಳಿಗಿ ಬರೀತೀನಿ."

"ಗುಳಿಗಿ ಆ ನೋವಿಗೆ ಎಲ್ಲಿ ಸಾಲ್ತಾವ್ರಿ? ಕದ್ದಾಂವ ಮಗ, ಶಿಕ್ಷಾ ತಾಯಿಗೇನು? ಬಾಟ್ಲಿ ನನ್ನ ಕಪಾಟಿನ್ಯಾಗ ಇರ್ಲಿ. ಮುಂಜಾನೆ ಸಂಜಿ ನಾನ ಹೋಗಿ ಕುಡಿಸಿ ಬರ್ತೀನಿ."

ಅವರು ಒಪ್ಪಿ, ಚೀಟಿಯ ಮೇಲೆ ಹಾಗೆಂದೇ ಬರೆದರು. ನಾನು ಎದ್ದಾಗ, "ಆ ಮಗನ ಬಗ್ಗೆ ಏನ್ ಮಾಡ್ತೀರಿ? ಒಮ್ಮೆಲೇ ತಪ್ಪಿದ್ರ ಅವಗೂ ಭಾಳ ಸಂಕಟ ಆಗತೈತಿ. ಅಳತಿ ಹಾಕಿ ಇಳಿಸ್ಕೋತ ಬರಬೇಕು. ಕರಕೊಂಡು ಬರ್ರಿ," ಅಂದರು.

"ಅವನ ಹೆಸರು ನನ್ನ ಮುಂದ ತಗೋಬ್ಯಾಡ್ರಿ ಡಾಕ್ಟ್ರ," ಅಂದುಬಿಟ್ಟೆ. ಸಂಜೆ ಸುಶೀಲವ್ವ ಗಂಡನ ಬಗ್ಗೆ ಏನೋ ಹೇಳಲು ಬಾಯಿ ತೆರೆದಾಗ ಆಕೆಗೂ, ಅವ್ವನಿಗೂ ಅದನ್ನೇ ಅಂದೆ.

೧೬ ಸೆಪ್ಟೆಂಬರ್

ದಿನಾ ಎರಡು ಹೊತ್ತು ಹೋಗಿ ಬರುತ್ತೇನೆ. ಜೇಬಿನಲ್ಲಿ ಬಾಟ್ಲಿ, ಅಳತೆ ಗ್ಲಾಸ್. ಉಸಿರು ನೋಡುತ್ತೇನೆ, ಹೊಟ್ಟೆಯ ಸುದ್ದಿ ಕೇಳುತ್ತೇನೆ, ಕುಡಿಸುತ್ತೇನೆ. ಅಂಗಡಿ ಅಷ್ಟು ಹೊತ್ತು ಬಾಗಿಲು ಹಾಕಿರುತ್ತದೆ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ಅವ್ವ ಮಾತು ಬಿಟ್ಟಿದ್ದಾಳೆ. ನಾನು ಹೋದಾಗ "ಬಾ" ಅನ್ನುತ್ತಾಳೆ, ಅಷ್ಟೇ. ಔಷಧ ಬಾಯಿಗೆ ಹಾಕಿದ ಕೂಡಲೇ ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸುತ್ತಾಳೆ. ಏನು ಕೇಳಿದರೂ ತಲೆ ಅಲ್ಲಾಡಿಸುವುದೊಂದೇ ಉತ್ತರ. ನನಗೆ ಗೊತ್ತು. ಮಗನನ್ನು ಹಿಡಿದವನೊಂದಿಗೆ ಯಾವ ತಾಯಿ ಮಾತಾಡುತ್ತಾಳೆ? ಎಷ್ಟಂದರೂ ಕರುಳಿನ ಮಗ ಕರುಳಿನ ಮಗನೇ. ಕಟ್ಟೆಯ ಮೇಲೆ ಉಂಡವನು ಕಟ್ಟೆಯ ಮೇಲಿನವನೇ.

೨೪ ಸೆಪ್ಟೆಂಬರ್

ನೋವು ಇಳಿಯುತ್ತಿಲ್ಲ. ಪೂರಾ ಅಳತೆಗೆ ಬಂದಿದ್ದೇವೆ, ನನ್ನ ಕೈಯಾರೆ ಕೊಡುತ್ತಿದ್ದೇನೆ, ಆದರೂ ಮುಷ್ಟಿ ಬಿಚ್ಚುವುದಿಲ್ಲ. ಟಿಂಚರ್ ಹಳತಾಯಿತೇ? ನನ್ನ ಕೈಯೇ ಕೆಟ್ಟಿತೇ?

ಅವನನ್ನು ಅಂಗಳದಲ್ಲಿ ಕಂಡೆ. ಮೊದಲ ವಾರ ಮೂಗು ಸುರಿಸುತ್ತ, ಆಕಳಿಸುತ್ತ, ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿರುತ್ತಿದ್ದ. ಈಗ ಎದ್ದು ನಿಂತು ದನಕ್ಕೆ ಮೇವು ಹಾಕುತ್ತಿದ್ದಾನೆ. ನಾಚಿಕೆಗೆಟ್ಟವನಿಗೆ ನೋವೂ ಬೇಗ ಮಾಯುತ್ತದೆ ಎಂದು ಕಾಣುತ್ತದೆ.

೨೮ ಸೆಪ್ಟೆಂಬರ್

ಮುಂಜಾನೆ ಔಷಧ ಕುಡಿಸಿ ಓಣಿಯ ತಿರುವಿನ ತನಕ ಬಂದವನಿಗೆ ಅಳತೆ ಗ್ಲಾಸ್ ಮರೆತದ್ದು ನೆನಪಾಯಿತು. ತಿರುಗಿ ಹೋದೆ. ಬಾಗಿಲು ಸುಮ್ಮನೆ ಮುಂದೆ ಎಳೆದಿತ್ತು, ತಳ್ಳಿದೆ.

ಅವ್ವ ಮಂಚದ ಅಂಚಿಗೆ ಬಾಗಿ ಹಿತ್ತಾಳೆಯ ವಾಟಗದ ಬಟ್ಟಲಿಗೆ ಉಗುಳುತ್ತಿದ್ದಳು. ಕಂದು ಔಷಧ. ನಾನು ಈಗಷ್ಟೇ ಹಾಕಿದ್ದು, ಗಲ್ಲದಲ್ಲಿ ಹಿಡಿದಿಟ್ಟುಕೊಂಡಿದ್ದು. ಮಂಚದ ಬಾಜು ನೆಲದ ಮೇಲೆ ಅವನು ಕುಕ್ಕರಗಾಲಲ್ಲಿ ಕೂತಿದ್ದ. ಕೈ ಚಾಚಿದ್ದ. ಅಳುತ್ತಿದ್ದ. ಅಳುತ್ತಲೇ ಕೈ ಚಾಚಿದ್ದ.

"ಅವ್ವಾ, ನೀನೂ ಏನು?" ಅಂದೆ.

ಅವನು ತಲೆ ಎತ್ತಲಿಲ್ಲ. ಮಾತಾಡಿದ್ದು ಅವ್ವ. ಇಷ್ಟು ದಿನ ಕಟ್ಟಿದ್ದ ಬಾಯಿ ಬಿಚ್ಚಿತು.

"ಅಂವ ಈ ನೆಲದ ಮ್ಯಾಲ ಹೊರಳ್ಯಾಡಿದ್ದು ನೀ ನೋಡಿಲ್ಲ ಬಾಷಾ. ಗುಂಡಿಗಿ ಹರದಂಗ ಒದರತಿದ್ದ. ನನ್ನ ನೋವು ಇನ್ನ ನಾಕು ದಿನದ್ದು, ಮಣ್ಣಿನ ಜೋಡಿ ಹೋಗತೈತಿ. ಅಂವ ಬದುಕಬೇಕಾದಂವ."

"ನನಗ ಯಾಕ ಹೇಳಲಿಲ್ಲ?"

"ಅವನ ಹೆಸರು ತಗೋಬ್ಯಾಡ ಅಂದಿದ್ದೆಲ್ಲೋ." ಆಕೆ ಉಸಿರು ತೆಗೆದುಕೊಳ್ಳಲು ನಿಂತಳು. "ಔಷಧ ಸಿಹಿ ಆಗೇತಿ ಅಂತ ನಾ ಅಂದದ್ದಕ್ಕ ಅಂವ ಸಿಕ್ಕಬಿದ್ದ. ನನ್ನ ಬಾಯಿಂದ ನಿಮ್ಮಿಬ್ಬರ ದೋಸ್ತಿ ಮುರೀತು. ಅದ ಬಾಯಿಂದ ಅವಗ ಒಂದು ಗುಟುಕು ಕೊಟ್ಟೆ. ನನಗ ಬ್ಯಾರೆ ಏನೂ ತಿಳೀಲಿಲ್ಲ."

ವಾಟಗ ಕಿತ್ತುಕೊಂಡು ಹಿತ್ತಲಿಗೆ ಚೆಲ್ಲಿದೆ. ಗ್ಲಾಸ್ ತೆಗೆದುಕೊಂಡು ಬಂದೆ. ತಿರುಗಿ ನೋಡಲಿಲ್ಲ.

ಸಂಜೆ ಹೋಗುವುದಿಲ್ಲವೆಂದು ಮೈಮುನಬಿಗೆ ಹೇಳಿದೆ. ಅವರವರೇ ಉಗುಳಿಕೊಂಡು ಕುಡಿಯಲಿ. ನಾನು ಯಾರು? ಅಂಗಡಿಯವನು. ಅಂಗಡಿಯವನಿಗೆ ಮೋಸ ಮಾಡಿದರೆ ಪಾಪವಿಲ್ಲ. ಮಗ ಮೋಸ ಮಾಡಿದ, ಸಿಟ್ಟು ಬಂತು. ತಾಯಿ ಮಾಡಿದ್ದಕ್ಕೆ ಸಿಟ್ಟೂ ಬರುತ್ತಿಲ್ಲ, ಸುಡುತ್ತದೆ.

ಮೈಮುನಬಿ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. "ನಿಮ್ಮ ಸಿಟ್ಟು ಮುಗಿಯೂ ತನಕ ಆ ಮುದುಕಿ ನೋವು ಕಾಯತೈತೇನ್ರಿ?" ಎಂದಳು, ಅಷ್ಟೇ. ಈ ಹೆಂಗಸಿಗೆ ಯಾವಾಗ ಏನು ಆಡಬೇಕೆಂಬುದು ಗೊತ್ತೇ ಇಲ್ಲ.

ಹೋಗಿ ಬಂದೆ. ಕುಡಿಸಿ, "ಬಾಯಿ ತೆರಿ ಬೇ," ಅಂದೆ. ಹುಡುಗರ ಹಾಗೆ ನಾಲಿಗೆ ಎತ್ತಿ ತೋರಿಸಿದಳು. ಇಬ್ಬರೂ ಅತ್ತೆವು.

೩೦ ಸೆಪ್ಟೆಂಬರ್

ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ದಾರಿಯಲ್ಲಿ ಅವನು ಹಿಂದೆ, ನಾನು ಮುಂದೆ. ಇದು ಅವನ ಸಲುವಾಗಿ ಅಲ್ಲ. ಅವನ ಸಂಕಟ ನಿಲ್ಲದ ಹೊರತು ಅವ್ವ ಔಷಧ ನುಂಗುವುದಿಲ್ಲ, ಅದಕ್ಕೆ. ಡಾಕ್ಟರು ಬೆನ್ನು ಒತ್ತಿ ನೋಡಿ, ಬೈಯದೆ, ಬೇರೆ ಚೀಟಿ ಬರೆದರು. ಇಷ್ಟರಿಂದ ಶುರು, ಮೂರು ಮೂರು ದಿನಕ್ಕೆ ಇಷ್ಟಿಷ್ಟು ಇಳಿಕೆ, ಕುಡಿಯುವುದು ಅಂಗಡಿಯಲ್ಲೇ, ನನ್ನ ಕಣ್ಣೆದುರು. ಬೆನ್ನಿಗೆ ಕಾವು, ಎಣ್ಣೆ.

"ಕಟ್ಟಿ ಹತ್ತಬ್ಯಾಡ ಅಂದಿದ್ರಿ," ಎಂದು ಅವನು ಅಂಗಡಿಯ ಕೆಳಗೇ ನಿಂತ. ಅವನೂ ರಿ ಹಚ್ಚುತ್ತಿದ್ದಾನೆ.

"ಔಷಧ ಬೀದ್ಯಾಗ ಕೊಡೂದಿಲ್ಲ. ಹತ್ರಿ," ಅಂದೆ.

೧೧ ಅಕ್ಟೋಬರ್, ಬನ್ನಿ ಹಬ್ಬ

ಮುಷ್ಟಿ ಬಿಚ್ಚಿದೆ. ಅವ್ವ ಹತ್ತು ದಿನದಿಂದ ನಿದ್ದೆ ಮಾಡುತ್ತಿದ್ದಾಳೆ, ಎಚ್ಚರಿದ್ದಾಗ ಸೊಸೆಯ ಅಡಿಗೆಗೆ ಹೆಸರಿಡುತ್ತಾಳೆ. ನಿನ್ನೆ ನನ್ನ ಅಂಗಿಯ ಗುಂಡಿ ಹರಿದದ್ದಕ್ಕೆ ಮೈಮುನಬಿಗೂ ಸೇರಿಸಿ ಬೈದಳು. ಬೈಗುಳ ಕೇಳಿ ಹೊಟ್ಟೆ ತುಂಬಿತು.

ಅವನು ದಿನಾ ಅಂಗಡಿ ತೆಗೆಯುವ ಹೊತ್ತಿಗೆ ಬರುತ್ತಾನೆ. ಅಳೆದು ಕೊಡುತ್ತೇನೆ, ಕುಡಿಯುತ್ತಾನೆ, ಬಾಯಿ ತೆರೆದು ತೋರಿಸುತ್ತಾನೆ. ಬೆವರು ಹೆಚ್ಚಿದ್ದರೆ ಚಹಾ ತರಿಸುತ್ತೇನೆ, ಖಾಲಿ ಹೊಟ್ಟೆಯಲ್ಲಿ ವಾಂತಿಯಾಗುತ್ತದೆಂದು. ನಿನ್ನೆ ಬೆನ್ನಿಗೆ ಎಣ್ಣೆ ತಿಕ್ಕುವ ಬಗೆ ಸುಶೀಲವ್ವನಿಗೆ ತಿಳಿಯದೆ, ನಾನೇ ತಿಕ್ಕಿ ತೋರಿಸಬೇಕಾಯಿತು. ಮಾತಿಲ್ಲ.

ಇವತ್ತು ಬನ್ನಿ ತಂದಿದ್ದ. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದು ಎಲೆ ಮುಂದೆ ಹಿಡಿದು ನಿಂತ. ನಾನು ಗ್ಲಾಸ್ ತೊಳೆಯುತ್ತ ಇದ್ದೆ. ಬಹಳ ಹೊತ್ತು ತೊಳೆದೆ. ಎಲೆಯನ್ನು ಗಲ್ಲಾದ ಮೇಲಿಟ್ಟು ಹೋದ. ಅದನ್ನು ಎಸೆದಿಲ್ಲ, ಹಬ್ಬದ ದಿನ ಎಸೆಯುವುದು ಸರಿಯಲ್ಲ ಎಂದು.

ಹೊಳೆಯಪ್ಪ ಮತ್ತೆ ಬಂದಿದ್ದ, ಅದೇ ಕೆಮ್ಮಿನ ಔಷಧಕ್ಕೆ. ಗಿರಾಕಿಗಳು ಕೂರುವ ಬಾಕಿನ ಮೇಲೆ ಕೂರಿಸಿ, ಎಂದಿನಿಂದ ಕುಡಿಯುತ್ತೀ, ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಎತ್ತು ಸತ್ತಂದಿನಿಂದ ನಿದ್ದೆಯಿಲ್ಲವಂತೆ. ಡಾಕ್ಟರ ಹತ್ತಿರ ಕಳಿಸಿದೆ. ಅದರಿಂದ ಮಧ್ಯಾಹ್ನದ ಊಟ ತಡವಾಯಿತು.

೨೦ ಅಕ್ಟೋಬರ್

ಚಳಿಜ್ವರ. ಎದ್ದರೆ ಗೋಡೆ ತಿರುಗುತ್ತದೆ. ಅಂಗಡಿ ಬಂದ್. ಮುಂಜಾನೆ ಅವನು ಮನೆಗೇ ಬಂದ. ಎರಡೂ ಬಾಟ್ಲಿಗಳನ್ನು ನಿನ್ನೆ ಸಂಜೆಯೇ ಮನೆಗೆ ತಂದಿಟ್ಟುಕೊಂಡಿದ್ದೆ. ಅವನದನ್ನು ಮೈಮುನಬಿ ನನ್ನ ಕಣ್ಣೆದುರು ಅಳೆದು ಕೊಟ್ಟಳು.

ಅವ್ವನದು? ನಾನು ನಡೆಯಲಾರೆ. ಸುಶೀಲವ್ವನನ್ನು ಕಳಿಸು ಎನ್ನಬಹುದಿತ್ತು. ಆದರೆ ಮನೆ ಒಂದೇ, ಮಾಡ ಒಂದೇ. ಆಕೆಯ ಕೈಯಲ್ಲಿದ್ದರೇನು, ಅವನ ಕೈಗೆ ಬಾರದೇ? ಕೊಡದಿದ್ದರೆ ಸಂಜೆಗೆ ಮತ್ತೆ ಸೆರಗಿನ ಚುಂಗು ಹಲ್ಲಲ್ಲಿ.

ಬಾಟ್ಲಿ ಅವನ ಕೈಗೇ ಕೊಟ್ಟೆ. ಪೂರಾ ಬಾಟ್ಲಿ.

"ನನಗ ಬ್ಯಾಡ ಬಾಷಾ. ನನ್ನ ಮ್ಯಾಲ ನನಗ ನಂಬಿಗಿ ಇಲ್ಲ."

"ನನಗೂ ಇಲ್ರಿ," ಅಂದೆ. "ಅವ್ವಗ ಬ್ಯಾರೆ ದಾರಿ ಇಲ್ಲ. ಒಯ್ಯಿರಿ."

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

೨೧ ಅಕ್ಟೋಬರ್

ಜ್ವರ. ಕಣ್ಣು ಮುಚ್ಚಿದರೆ ಬೆಲ್ಲದ ನೀರು.

೨೩ ಅಕ್ಟೋಬರ್

ಅವ್ವ ಹೋದಳು. ನಿನ್ನೆ ಮುಂಜಾನೆ, ಸೊಸೆ ತಲೆ ಬಾಚುತ್ತಿದ್ದಾಗ, ಬಾಚಣಿಗೆ ಕೂದಲಲ್ಲಿ ಇರುವಾಗಲೇ.

ಚಾದರ ಹೊದ್ದು ಮಣ್ಣಿಗೆ ಹೋದೆ. ಮೈಮುನಬಿ ತಡೆಯಲಿಲ್ಲ. ಆಕೆಯನ್ನು ಗೋಡೆಗೆ ಕೂರಿಸಿ ವಿಭೂತಿ ಹಚ್ಚಿದ್ದರು. ನಾನು ನೋಡಿದ್ದು ಕೈಗಳನ್ನು. ತೊಡೆಯ ಮೇಲೆ ಬಿಡಿಯಾಗಿ, ಬೆರಳು ಬಿಚ್ಚಿ ಬಿದ್ದಿದ್ದವು. ಆದರೆ ಸತ್ತವರ ಕೈ ಹೇಗೂ ಸಡಿಲವಾಗುತ್ತದೆ. ಅದರಿಂದ ಏನು ತಿಳಿಯಿತು? ಕೊನೆಯ ಎರಡು ದಿನ ಆಕೆ ಕುಡಿದದ್ದು ಔಷಧವೋ, ಬೆಲ್ಲವೋ? ಯಾರನ್ನು ಕೇಳಲಿ? ಸುಶೀಲವ್ವ ಗಂಡನನ್ನು ಬಿಟ್ಟುಕೊಡುವವಳಲ್ಲ. ಅವನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಒಂದು ಹಿಡಿ ಮಣ್ಣು ಅವನು ಹಾಕಿದ ಮೇಲೆ ನಾನು ಹಾಕಿದೆ.

೨೫ ಅಕ್ಟೋಬರ್

ಇವತ್ತು ಅಂಗಡಿ ತೆಗೆದೆ. ಬಾಗಿಲ ಹಲಗೆ ಸರಿಸುವಾಗಲೇ ಅವನು ಬಂದು ಕಟ್ಟೆಯ ಕೆಳಗೆ ನಿಂತಿದ್ದ. ಗಡ್ಡ ಬಂದಿತ್ತು, ಕಣ್ಣು ಗುಳಿಬಿದ್ದಿದ್ದವು. ಒಳಗೆ ಬಂದು ಬಾಟ್ಲಿಯನ್ನು ಗಲ್ಲಾದ ಮೇಲೆ, ಒಣಗಿದ ಬನ್ನಿ ಎಲೆಯ ಬಾಜು ಇಟ್ಟ.

"ಉಳಿದದ್ದು ತಂದೀನಿ. ನೋಡ್ಕೋರಿ."

ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದೆ. ಎರಡು ದಿನಕ್ಕೆ ಎಷ್ಟು ಇಳಿಯಬೇಕಿತ್ತೋ ಅಷ್ಟೇ ಇಳಿದಿತ್ತು. ಆದರೆ ಗೆರೆಯನ್ನು ಬೆಲ್ಲದ ನೀರೂ ಸರಿತೂಗಿಸುತ್ತದೆ, ಅದನ್ನು ನಾನು ಒಮ್ಮೆ ಕಲಿತಿದ್ದೇನೆ. ಅವ್ವ ಸತ್ತ ಮೇಲೂ ಈ ಬಾಟ್ಲಿ ಅವನ ಮನೆಯ ಮಾಡದಲ್ಲಿತ್ತು. ಅವನ ಪಾಲಿನ ಅಳತೆಗೆ ಅವನು ಬಂದಿರಲೂ ಇಲ್ಲ. ಸಾವಿನ ಮನೆ, ಬೆನ್ನು ನೋವು, ಕೈಗೆಟುಕುವಲ್ಲಿ ಬಾಟ್ಲಿ.

ಬಿರಡೆ ತೆಗೆದೆ. ಅವನೆದುರಿಗೇ ಹನಿಯನ್ನು ಬೆರಳಿಗೆ ಹಾಕಿಕೊಂಡು ನಾಲಿಗೆಗೆ ಹಚ್ಚಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ.

ಕಹಿ. ನಾಲಿಗೆಯ ಬುಡಕ್ಕೆ ಇಳಿದು ಕೂತು, ಗಂಟಲು ಹಿಂಡುವ ಕಹಿ. ನಾನೇ ಬೆರೆಸಿದ ಕಹಿ, ಒಂದು ಹನಿ ನೀರು ಬೀಳದೆ ಹಾಗೇ ಮರಳಿ ಬಂದಿತ್ತು. ಕಣ್ಣಲ್ಲಿ ನೀರು ಬಂತು.

"ಹೆಂಗೈತ್ರಿ?" ಎಂದು ಅವನು ಕೇಳಿದ.

"ಕಹಿ ಐತಲೇ," ಅಂದೆ. "ಅಗದಿ ಕಹಿ ಐತಿ."

ಅವನು ಬಾಕಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, ತಾಯಿ ಸತ್ತ ದಿನ ಅಳದಿದ್ದದ್ದನ್ನೆಲ್ಲ ಅತ್ತ. ಉಳಿದ ಔಷಧವನ್ನು ಬೂದಿಯಲ್ಲಿ ಕಲಸಿ ಅಂಗಡಿಯ ಹಿಂದೆ ಹೂಳಿದೆವು. ಅವನು ಗುದ್ದಲಿ ಹಿಡಿದ, ನಾನು ಸುರಿದೆ. ಆಮೇಲೆ ಅವನ ಅಳತೆ ಕೊಟ್ಟೆ, ಬಾಯಿ ತೆರೆಸುವುದು ಮರೆತುಹೋಯಿತು.

ಅವನು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಇಲ್ಲಿ ಬರೆದಿಡುತ್ತಿದ್ದೇನೆ, ನಾಳೆ ಮರೆಯಬಾರದೆಂದು. ನಾಳೆ ಅವನದು ಅರ್ಧ ಗೆರೆಗೆ ಇಳಿಯುತ್ತದೆ, ಮೈ ನಡುಗೀತು. ಚಹಾದ ಜೊತೆ ಏನಾದರೂ ಕಟ್ಟಿಕೊಡು ಎಂದು ಮೈಮುನಬಿಗೆ ಹೇಳಿದ್ದೇನೆ.